ಗೆಳತಿಯರ ವಾರ

ಸೋಮವಾರ ಟೀಚರು ಮೂರನೇ ಕ್ಲಾಸಿನ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿದರು. ವಾರವಿಡೀ ಜೋಡಿ ಬಿಡಬಾರದು, ಶನಿವಾರ ಒಬ್ಬರ ಬಗ್ಗೆ ಇನ್ನೊಬ್ಬರು ಮಾತಾಡಬೇಕು, ಚೆನ್ನಾಗಿ ತಿಳಿದುಕೊಂಡವರಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಅಂದರು.

ಯಾವಾಗಲೂ ಒಬ್ಬಳೇ ಕೂರುತ್ತಿದ್ದ ತನುಜಾಳಿಗೆ ಹಂಸ ಜೊತೆಯಾದಳು. ಇಬ್ಬರೂ ಮಣ್ಣಿನ ಆನೆ ಮಾಡಿದರು, ಎಲೆ ಆಯ್ದು ತಂದು ಅಂಟಿಸಿದರು, ಬಿಸಿಯೂಟಕ್ಕೆ ಒತ್ತಿಕೊಂಡು ಕೂತರು. ಶುಕ್ರವಾರ ಕೈ ತೊಳೆಯುವಾಗ ಹಂಸ ಪಿಸುಗುಟ್ಟಿದಳು.

"ನಾನು ಇನ್ನೂ ಹಾಸಿಗೆ ಒದ್ದೆ ಮಾಡ್ಕೋತೀನಿ ಕಣೆ. ಯಾರಿಗೂ ಹೇಳಬೇಡ. ಈಗ ನಿನ್ನ ಗುಟ್ಟು ಹೇಳು."

"ನಂಗೆ ಓದೋಕೆ ಬರಲ್ಲ. ನೀವೆಲ್ಲ ಓದೋದು ಕೇಳಿ ಬಾಯಿಪಾಠ ಒಪ್ಪಿಸ್ತೀನಿ. ಟೀಚರಿಗೆ ಗೊತ್ತಾದ್ರೆ ಒಂದನೇ ಕ್ಲಾಸಿನವರ ಜೊತೆ ಕೂರಿಸ್ತಾರೆ."

"ದೇವ್ರಾಣೆ ಹೇಳಲ್ಲ."

ಶನಿವಾರ ಹಂಸ ಮೊದಲು ಎದ್ದಳು. ಮಣ್ಣಿನ ಆನೆಯಿಂದ ಹಿಡಿದು ಬಾಯಿಪಾಠದವರೆಗೆ ಒಂದೂ ಬಿಡದೆ ಹೇಳಿದಳು. ಕ್ಲಾಸೆಲ್ಲ ನಕ್ಕಿತು. ಟೀಚರು ತನುಜಾಳ ಪುಸ್ತಕ ತೆಗೆದಿಟ್ಟುಕೊಂಡು, ಅದೇ ಕೋಣೆಯಲ್ಲಿ ಒಂದನೇ ಕ್ಲಾಸಿನವರು ಕೂತಿದ್ದ ಚಾಪೆ ತೋರಿಸಿದರು.

"ನಿನ್ನ ಗೆಳತಿ ಬಗ್ಗೆ ಮಾತಾಡಿ, ಆಮೇಲೆ ಹೋಗಿ ಅಲ್ಲಿ ಕೂತ್ಕೊಮ್ಮ."

ತನುಜಾ ಎದ್ದು ನಿಂತಳು. ಹಂಸ ಕೆಳಗಿನಿಂದ ಅವಳ ಲಂಗ ಜಗ್ಗಿದಳು.

"ನನ್ನ ಗುಟ್ಟು ಹೇಳಬೇಡ ಕಣೆ. ನಾವು ಗೆಳತೀರಲ್ವಾ?"