ನೇರಳೆ ಬಾರದ ದ್ರಾವಣ

ಮಂಗಳೂರು ಕಡಲ ಪಾಲಾದ ಮೇಲೆ ಜನ ಉಕ್ಕಿನ ಕಂಬಗಳ ಮೇಲಿನ ಅಟ್ಟಗಳಲ್ಲಿ ವಾಸವಾಗಿದ್ದರು. ಆ ಉಕ್ಕಿಗೂ ಅಂಟುರೋಗ ಬರುತ್ತಿತ್ತು. ರೋಗ ಮೊದಲು ಉಕ್ಕಿನೊಳಗಿನ ಚೂರು ಮ್ಯಾಂಗನೀಸನ್ನು ತಿಂದು, ಆಮೇಲೆ ಕಂಬವನ್ನೇ ಪುಡಿಮಾಡುತ್ತಿತ್ತು. ಐರಿನ್ ದಿನವೂ ಗಾಜಿನ ಸೀಸೆಯಲ್ಲಿ ಭದ್ರವಾಗಿ ಬರುವ ಕಂಬದ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಪರೀಕ್ಷೆಯ ರಾಸಾಯನಿಕ ಹಾಕಿ ಕುದಿಸುತ್ತಿದ್ದಳು. ಮ್ಯಾಂಗನೀಸ್ ಉಳಿದು ನೇರಳೆ ಬಣ್ಣ ಬಂದರೆ ಕಂಬ ಗಟ್ಟಿ. ಬಾರದಿದ್ದರೆ ಗಂಟೆ ಬಾರಿಸಿ, ರೋಗ ಹರಡದಂತೆ ಆ ಅಟ್ಟದ ಸೇತುವೆಯನ್ನು ಕಳಚಿಬಿಡುತ್ತಿದ್ದರು.

ಇಂದಿನ ಪುಡಿ ಸೇತುವೆಯಾಚೆ ಅವಳ ತಂಗಿ ಫ್ಲೇವಿಯಾ ಇದ್ದ ಅಟ್ಟದ್ದು. ಎರಡು ಸಲ ಕುದಿಸಿದರೂ ದ್ರಾವಣ ನೀರಿನಂತೆ ತಿಳಿಯಾಗಿಯೇ ಉಳಿಯಿತು. ಐರಿನ್ ಸೀಸೆಯ ಮೇಲಿನ ಚೀಟಿಯನ್ನು ಮತ್ತೆ ಓದಿದಳು. ತಂಗಿ ತುಂಬು ಬಸುರಿ, ಮನೆಯಲ್ಲಿ ಒಬ್ಬಳೇ ಇದ್ದಳು.

"ಫೋನ್ ಮಾಡು ಮಾರಾಯ್ತಿ," ಜೊತೆಯ ದಾಮೋದರಣ್ಣ ಪಿಸುಗುಟ್ಟಿದರು. "ಅವಳು ಈಚೆ ಬರ್ಲಿ. ಆಮೇಲೆ ಗಂಟೆ ಹೊಡೆಯುವ."

"ಅವಳ ಚಪ್ಪಲಿಯಲ್ಲೇ ರೋಗ ಬರ್ತದೆ ಅಣ್ಣ. ಇಲ್ಲಿಯವರು ಎಂತ ಪಾಪ ಮಾಡಿದ್ದಾರೆ?"

ಅವಳೇ ಹೋಗಿ ಗಂಟೆ ಬಾರಿಸಿದಳು. "ನಾನು ದಾಟಿದ ಮೇಲೆ ಸೇತುವೆ ಕಳಚಿ," ಎಂದವಳು ದಾಮೋದರಣ್ಣ ಕೂಗುತ್ತಿದ್ದರೂ ತಿರುಗದೆ ಓಡಿದಳು. ಸೇತುವೆಯ ಕೆಳಗೆ ಕಡಲು ಕಪ್ಪಗೆ ಹೊರಳುತ್ತಿತ್ತು. ಆಚೆ ಕಾಲಿಟ್ಟಾಗ ಅಟ್ಟ ಸಣ್ಣಗೆ ನಡುಗಿದಂತಾಯಿತು. ಹಿಂದೆ ಸೇತುವೆಯ ಬೋಲ್ಟುಗಳನ್ನು ಬಿಚ್ಚುವ ಸದ್ದು ಶುರುವಾಗಿತ್ತು.

ಫ್ಲೇವಿಯಾ ಹೊಟ್ಟೆ ಹಿಡಿದುಕೊಂಡು ಬಾಗಿಲು ತೆರೆದಳು. "ಗಂಟೆ ಕೇಳಿತಾ ಅಕ್ಕ? ಪಾಪ, ಯಾರ ಅಟ್ಟವಂತೆ?"

ಐರಿನ್ ಒಳಗೆ ಬಂದು ತಂಗಿಯ ಕೈ ಹಿಡಿದು ಕೂರಿಸಿದಳು.

"ನಮ್ಮದು," ಎಂದಳು.