ತಾರವ್ವನ ಕಂಬಳಿ

ಮಹಾನಂದಾ ತಂದುಕೊಟ್ಟ ಕಂಬಳಿಯನ್ನು ತಾರವ್ವ ಬಿಚ್ಚಿದಾಗ ಒಳಗೆ ಬಿ.ಪಿ. ನೋಡುವ ಪೆಟ್ಟಿಗೆ ಸಿಕ್ಕಿತು. ಡಾಕ್ಟರಾಗಿದ್ದ ಗಂಡ ತೀರಿಕೊಂಡು, ಅವನ ದಿವಸದ ಕಾರ್ಯ ಮುಗಿದು, ನೆಂಟರೆಲ್ಲ ಹೋದ ಮೊದಲ ಬೆಳಗು ಅದು. ಅವನು ತಾರವ್ವನಿಂದ ಇಸಿದುಕೊಂಡಿದ್ದ ಕಂಬಳಿಯನ್ನು ಮರಳಿ ಕೊಟ್ಟುಬಿಟ್ಟರೆ ಅವನ ಕೆಲಸವೂ ಮುಗಿದಂತೆ ಎಂದುಕೊಂಡು ಮಹಾನಂದಾ ಅದನ್ನು ಅವನು ಸುತ್ತಿಟ್ಟಿದ್ದ ಹಾಗೆಯೇ ಎತ್ತಿಕೊಂಡು ಅಲಖನೂರಿನ ಕುರಿಹಟ್ಟಿಗೆ ಬಂದಿದ್ದಳು.

ಕಬ್ಬು ಬೆಳೆಯುವವರ ಮತ್ತು ಕುರಿ ಕಾಯುವವರ ರಕ್ತಕಣಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ರೀತಿ ಬೇರೆಯಾಗಿರಬಹುದೇ, ಬಿ.ಪಿ. ಏರುವುದು ಅದರಿಂದಲೇ ಇರಬಹುದೇ ಎಂದು ಅವನು ಎರಡು ವರ್ಷ ಸಂಶೋಧನೆ ಮಾಡಿದ್ದ. ಎಲ್ಲರನ್ನೂ ಇದೇ ಕಂಬಳಿಯ ಮೇಲೆ ಹತ್ತು ನಿಮಿಷ ಮಲಗಿಸಿ ನೋಡುತ್ತಿದ್ದ. ಎಂ.ಎಸ್ಸಿ. ಓದಿದ ಮಹಾನಂದಾ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು.

“ನಮ್ಮ ಮಂದಿಯೊಳಗ ನನ್ನ ಬಿ.ಪಿ. ನೋಡೂದೊಂದ ಉಳದೈತ್ರಿ ಬಾಯಾರ,” ಎಂದು ತಾರವ್ವ ಕಂಬಳಿ ಹಾಸಿ ಮಲಗಿಯೇಬಿಟ್ಟಳು. “ನೋಡ್ರಿ.”

“ನಾ ಡಾಕ್ಟರ್ ಅಲ್ಲ ಯವ್ವಾ.”

“ಹಾಲ ಹಿಂಡಾಕ ನಾ ಯಾವ ಸಾಲಿಗೆ ಹೋಗಿದ್ನಿ?”

ಮಹಾನಂದಾ ಹತ್ತು ನಿಮಿಷ ಕಾದು, ಅವನು ಮಾಡುತ್ತಿದ್ದಂತೆಯೇ ತೋಳಿಗೆ ಪಟ್ಟಿ ಸುತ್ತಿ, ಸ್ಟೆತಸ್ಕೋಪನ್ನು ಕಿವಿಗಿಟ್ಟುಕೊಂಡಳು. ಇಷ್ಟು ದಿನ ಯಾರ ಸಮಾಧಾನದ ಮಾತೂ ಅವಳೊಳಗೆ ಇಳಿದಿರಲಿಲ್ಲ. ಟಕ್, ಟಕ್ ಎಂಬ ಆ ಸಪ್ಪಳ ಇಳಿಯಿತು.

“ನೂರಾ ಹದಿನೆಂಟು, ಎಪ್ಪತ್ತಾರು. ಚೊಲೋ ಐತಿ.”

“ಕಬ್ಬಿನವರಕಿಂತ ಚೊಲೋ ಐತೇನ್ರಿ?”

“ಎಲ್ಲಾರದೂ ಕೂಡಿಸಿ ನೋಡಬೇಕ ಯವ್ವಾ. ನೋಡಿ, ನಾನ ಬಂದು ಹೇಳತೀನಿ.”

ಆ ಮಾತು ಗಂಡ ಹೇಳಿ ಬರೆಸಿದ್ದಲ್ಲ, ತನ್ನದೇ ಎಂದು ತಿಳಿದು ಮಹಾನಂದಾಳಿಗೆ ಹಿತವೆನಿಸಿತು. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಂಬಳಿಯನ್ನು ಝಾಡಿಸಿ ತಾರವ್ವನ ಹೆಗಲಿಗೆ ಹಾಕಿದಳು.