ಸರಸಳ ಸೊಲ್ಲು

“ನಿಲ್ಸ್ ಮಗಾ! ಸರಸನ ಜಾಗ್ದಗೆ ಇದೆಂತ ಪೀಂ ಪೀಂ?” ಎನ್ನುತ್ತ ಗುಲಾಬಿ ಟೇಪ್ ರೆಕಾರ್ಡರಿನ ಮೇಲೆ ಅಂಗೈ ಊರಿದಳು.

ರತ್ನಾಕರನ ಮುಖ ಚಿಕ್ಕದಾಯಿತು. ಬೊಂಬಾಯಿಯಿಂದ ಹೊತ್ತು ತಂದಿದ್ದ ಯಂತ್ರದಲ್ಲಿ ಭತ್ತದ ಸಸಿ ನೆಡುವಾಗ ಅತ್ತೆ ಗುಲಾಬಿ ಹಾಡುತ್ತಿದ್ದ ನೆಟ್ಟಿ ಹಾಡನ್ನು ಎರಡು ಸಲ ಹಿಡಿದಿದ್ದ: ಮೊದಲು ಅವಳು ಹಾಡಿದ ಹಾಗೇ, ಆಮೇಲೆ ತಾನೇ ಹಾರ್ಮೋನಿಯಂ ನುಡಿಸಿ, ಸಿನಿಮಾ ಧಾಟಿಯಲ್ಲಿ. ಸಾಲು ಮುಗಿದಾಗಲೆಲ್ಲ ಅತ್ತೆ ಸುಮ್ಮನಾಗುತ್ತಿದ್ದಳು. ಗದ್ದೆಯಲ್ಲಿ ಅವಳಿಗೆ ಮರುಸೊಲ್ಲು ಕೊಡುತ್ತಿದ್ದ ಜೊತೆಗಾತಿ ಸರಸ ತೀರಿಕೊಂಡು ವರ್ಷವಾಗಿತ್ತು. ಆ ಖಾಲಿ ಜಾಗವನ್ನೆಲ್ಲ ಅವನು ಹಾರ್ಮೋನಿಯಂನಿಂದ ತುಂಬಿದ್ದ.

“ಅವ್ಳ್ ಈಗ ಇಲ್ಲ ಅಲ್ದಾ, ಅತ್ತೆ?”

“ಮೊದ್ಲ್ ಹಿಡ್ದದ್ ಹಾಕ್, ಕಾಂಬ.”

ಹಾಕಿದ. ಅತ್ತೆಯ ಸಾಲು ಮುಗಿಯಿತು. ಆ ಮೌನದಲ್ಲಿ, ಕೆಸರಿನಿಂದ ಕಾಲು ಕಿತ್ತಿಡುವ ಸದ್ದು ಪಚಕ್ಕೆಂದಿತು. ಹಾಡು ಹಿಡಿದದ್ದು ಇದೇ ಜಗಲಿಯಲ್ಲಿ, ಗದ್ದೆ ಬಿರಿದು ಬಾಯಿಬಿಟ್ಟ ಈ ವೈಶಾಖದಲ್ಲಿ. ಸಾಲಿನಿಂದ ಸಾಲಿಗೆ ಸದ್ದು ಹತ್ತಿರವಾಯಿತು. ಅವನು ಗಾಬರಿಯಿಂದ ಯಂತ್ರ ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ.

ಸುಡುವ ಅಂಗಳದಲ್ಲಿ ಹಸಿ ಕೆಸರಿನ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಿದ್ದವು. ನೆಟ್ಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತ ಬರುವಂತೆ, ಪ್ರತಿ ಹೆಜ್ಜೆಯ ಹಿಮ್ಮಡಿಯೂ ಜಗಲಿಯ ಕಡೆಗಿತ್ತು.

ಗುಲಾಬಿ ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.